ಕಿಟಕಿ ಪಕ್ಕದ ಮೇಜಿಗಾಗಿ ಒಂದು ದೆಕ್ರೇತೊ

ಹೊಟ್ಟೆಕಿಚ್ಚು ಪಡುವವರಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ಶುದ್ಧ ಸುಳ್ಳು. ನನಗೆ ಚೆನ್ನಾಗಿಯೇ ಬರುತ್ತದೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದ ಮೇಲೆ ಶುರುವಾಗುತ್ತದೆ ನೋಡಿ ಪಜೀತಿ. ನಾನು ಯಾರನ್ನು ನೋಡಿ ಕರುಬಿದರೂ ಅದೇ ವಾರ ನಾನೇ ನಗೆಪಾಟಲಾಗುವಂಥದ್ದೊಂದು ನಡೆದೇ ತೀರುತ್ತದೆ. ಹತ್ತನೇ ಕ್ಲಾಸಿನಿಂದಲೂ ಹೀಗೇ. ಓದು ಅಲ್ಲಿಗೆ ನಿಂತಿತು, ಇದು ಮಾತ್ರ ನಿಂತಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಾಮರಾಜಪೇಟೆಯ ಒಂದು ಊದುಬತ್ತಿ ಕಂಪನಿಗೆ ಹೋಗುತ್ತಿದ್ದೆ. ಕೆಳಗೆ ಪ್ಯಾಕಿಂಗ್ ಹಾಲ್, ಮೇಲೆ ಆಫೀಸು. ಕೆಳಗೆ ನಾವು ಹದಿನಾಲ್ಕು ಜನ ಹೆಂಗಸರು ನಿಂತುಕೊಂಡೇ ಕಡ್ಡಿ ಎಣಿಸಿ ಡಬ್ಬಿಗೆ ತುಂಬುತ್ತಿದ್ದೆವು. ಸಂಜೆ ಹೊತ್ತಿಗೆ ಸೀನಿದರೂ ಗಂಧದ ವಾಸನೆ. ಮೇಲೆ ಕಿಟಕಿ ಪಕ್ಕದಲ್ಲಿ ಒಂದು ಮೇಜು ಇತ್ತು. ಫೋನು, ಫ್ಯಾಕ್ಸು, ಒಂದು ಪುಟ್ಟ ಫ್ಯಾನು, ಕೈ ಇರುವ ಕುರ್ಚಿ. ಹೊರದೇಶದ ಕಾಗದಪತ್ರ ನೋಡಿಕೊಳ್ಳುವವರ ಮೇಜು ಅದು. ನಾನು ಆರು ವರ್ಷ ಕಡ್ಡಿ ಎಣಿಸಿದವಳು, ಟೈಪಿಂಗ್ ಜೂನಿಯರ್ ಪಾಸು ಮಾಡಿದವಳು. ಆ ಮೇಜು ಖಾಲಿಯಾದಾಗ ನನಗೇ ಎಂದುಕೊಂಡೆ. ಅಷ್ಟರಲ್ಲಿ ಮಲ್ಲೇಶ್ವರದಿಂದ ಬಿ.ಎ. ಮಾಡಿದ ಹುಡುಗಿಯೊಬ್ಬಳು ಜಡೆಗೆ ಸಂಪಿಗೆ ಸಿಕ್ಕಿಸಿಕೊಂಡು ಬಂದಳು. ಸಾಹುಕಾರರು, "ಸದ್ಯಕ್ಕೆ ಕೂತ್ಕೊಳಮ್ಮಾ, ಆಮೇಲೆ ಖಾಯಂ ಮಾಡೋಣ" ಎಂದು ಅವಳನ್ನು ಅಲ್ಲಿ ಕೂರಿಸಿದರು.

ನನಗೆ ಕುರ್ಚಿಯ ಆಸೆ ಎಂದು ತಿಳಿಯಬೇಡಿ. ಇತ್ತು, ಇಲ್ಲ ಅನ್ನಲಾರೆ. ಆದರೆ ನಿಜವಾದ ಸಂಕಟ ಬೇರೆ. ನನ್ನ ನಾಲ್ಕು ವರ್ಷದ ಮಗಳನ್ನು ಬಸವನಗುಡಿಯ ಒಂದು ಶಿಶುವಿಹಾರದಲ್ಲಿ ಬಿಡುತ್ತಿದ್ದೆ. ಅದು ಐದೂವರೆಗೆ ಮುಚ್ಚುತ್ತಿತ್ತು. ನಮ್ಮ ಹಾಲ್ ಬಿಡುವುದು ಆರಕ್ಕೆ. ಬಸ್ಸು ಹಿಡಿದು ಅಲ್ಲಿ ಮುಟ್ಟುವಾಗ ಆರೂವರೆ. ಎಲ್ಲ ಮಕ್ಕಳೂ ಹೋಗಿರುತ್ತಿದ್ದರು. ಮೆಟ್ಟಿಲ ಮೇಲೆ ಆಯಾ ಬೀಗ ಹಿಡಿದುಕೊಂಡು, ನನ್ನ ಮಗಳು ಬ್ಯಾಗು ಹಿಡಿದುಕೊಂಡು ಕೂತಿರುತ್ತಿದ್ದರು. ಇಬ್ಬರೂ ನನ್ನನ್ನು ಒಂದೇ ಥರ ನೋಡುತ್ತಿದ್ದರು. ಅತ್ತೆಗೆ ಮಂಡಿನೋವು, ತ್ಯಾಗರಾಜನಗರದಿಂದ ನಡೆದು ಬರಲಾರರು. ಪುರಾಣ ಕೇಳುವುದಕ್ಕೆ ಹೋಗುವಾಗ ಮಾತ್ರ ಆ ಮಂಡಿ ಹೇಗೋ ಮಡಚುತ್ತಿತ್ತು. ಇನ್ನು ನಮ್ಮ ಆಫೀಸಿನವರು ಹೊರಡುವುದು ಐದಕ್ಕೆ. ಆ ಮೇಜು ಸಿಕ್ಕಿದರೆ ನನ್ನ ಮಗಳು ಎಲ್ಲ ಮಕ್ಕಳ ಜೊತೆ ಮನೆಗೆ ಬರುತ್ತಾಳೆ. ನನಗೆ ಬೇಕಾಗಿದ್ದು ಅಷ್ಟು.

ರಾಹುಕಾಲದ ಕಾಗದ

ಆಗಷ್ಟೇ ಸ್ಪ್ಯಾನಿಷ್ ಮಾತಾಡುವ ದೂರದ ದೇಶವೊಂದರಿಂದ ನಮಗೆ ಹೊಸ ಗಿರಾಕಿ ಸಿಕ್ಕಿದ್ದರು. ಒಂದು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಆಫೀಸು ತೆಗೆದರೆ ಫ್ಯಾಕ್ಸ್ ಯಂತ್ರದಿಂದ ಕಾಗದ ನೆಲದವರೆಗೆ ಇಳಿಬಿದ್ದಿದೆ. ನಾನು ಆ ದಿನದ ಮೊದಲ ಊದುಬತ್ತಿ ಕಟ್ಟನ್ನು ದೇವರ ಮುಂದೆ ಹಚ್ಚಲು ಮೇಲೆ ಹೋಗಿದ್ದೆ. ಬಿ.ಎ. ಹುಡುಗಿ ಕಾಗದ ಹರಿದು ಕೈಗೆತ್ತಿಕೊಂಡಳು.

"ಓದ್ಬೇಡ, ಓದ್ಬೇಡ!" ಎಂದು ಸಾಹುಕಾರರು ಬಾಗಿಲಿಂದಲೇ ಕೂಗಿದರು. ವಿಭೂತಿ ಹಚ್ಚಿದ ಹಣೆಯಲ್ಲಿ ಬೆವರು. "ಇವತ್ತು ಶನಿವಾರ ಕಣಮ್ಮಾ. ಹತ್ತೂವರೆ ತನಕ ರಾಹುಕಾಲ. ಹೊಸ ಗಿರಾಕಿಯ ಮೊದಲನೇ ಕಾಗದ. ಗಣಪತಿ ಮುಂದೆ ಇಡು."

ಇಟ್ಟಳು. ಮೇಲಿನ ಅಂಚು ಹಾರದಿರಲಿ ಎಂದು ಕುಂಕುಮದ ಭರಣಿ ಹೇರಿದಳು. ಪಕ್ಕದಲ್ಲಿ ಎರಡು ದೀಪ. ಶುಭವಾಗಲಿ ಎಂದು ಸಾಹುಕಾರರು ತಾವೇ ಒಂದು ಹಿಡಿ ಊದುಬತ್ತಿ ಹಚ್ಚಿ ಸಿಕ್ಕಿಸಿದರು. ಆಗಿನ ಫ್ಯಾಕ್ಸ್ ಕಾಗದ ಬಿಸಿ ತಾಕಿದರೆ ಕಪ್ಪಗಾಗುವಂಥದ್ದು. ನಮಗ್ಯಾರಿಗೆ ಗೊತ್ತಿತ್ತು? ಹತ್ತೂವರೆಗೆ ಕೈಮುಗಿದು ತೆಗೆದು ನೋಡಿದರೆ ಕಾಗದ ಕಾಡಿಗೆಯ ಹಾಗೆ ಕರ್ರಗಾಗಿತ್ತು. ಭರಣಿಯ ಕೆಳಗೆ ಸಿಕ್ಕಿಕೊಂಡಿದ್ದ ನಾಲ್ಕು ಬೆರಳಿನಷ್ಟು ಜಾಗ ಮಾತ್ರ ಬೆಳ್ಳಗೆ. ಅಲ್ಲಿ ಒಂದು ರಾಜಮುದ್ರೆ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಪದ. ನಾನು ಕೂಡಿಸಿಕೊಂಡು ಓದಿದೆ, "ಡಿಕ್ರೆಟೊ."

"ಅಂದ್ರೆ?"

"ಗೊತ್ತಿಲ್ಲ ಸಾರ್. ಮುದ್ರೆ ನೋಡಿದ್ರೆ ಸರ್ಕಾರದ್ದು."

ಸಾಹುಕಾರರು ಕೂತುಬಿಟ್ಟರು. ಹುಡುಗಿ ಮೆಲ್ಲಗೆ, "ಇನ್ನೊಂದ್ಸಲ ಕಳಿಸಿ ಅಂತ ಕೇಳೋಣ ಸಾರ್" ಎಂದಳು.

"ಏನಂತ ಕೇಳ್ತೀಯಮ್ಮಾ? ನಿಮ್ಮ ಸರ್ಕಾರಕ್ಕೆ ನಮ್ಮ ಗಣಪತಿ ಮಂಗಳಾರತಿ ಮಾಡಿಬಿಟ್ಟ ಅಂತಲಾ?"

ಕೊನೆಗೆ 'ಅಕ್ಷರ ಸ್ಪಷ್ಟವಾಗಿಲ್ಲ' ಎಂದು ಕಳಿಸಿದರು. ಮೂಲ ಪ್ರತಿಯನ್ನೇ ಅಂಚೆಯಲ್ಲಿ ಕಳಿಸುತ್ತೇವೆ, ಅಲ್ಲಿಯವರೆಗೆ ಅದರಲ್ಲಿ ಹೇಳಿರುವುದನ್ನು ಮೀರಬೇಡಿ ಎಂದು ಉತ್ತರ ಬಂತು. ಅಂಚೆ ಬರಲು ಆರು ವಾರ ಹಿಡಿಯಿತು. ಒಂದು ಇಡೀ ದೇಶದ ಸರ್ಕಾರ ನಮಗೆ ಏನು ಅಪ್ಪಣೆ ಮಾಡಿದೆ ಎಂದು ತಿಳಿಯದೆ ಆ ಆರು ವಾರವೂ ನಾವು ಅದನ್ನು ಭಯಭಕ್ತಿಯಿಂದ ಪಾಲಿಸಿದೆವು.

ಬೆಕ್ಕು ಎಲ್ಲಿದೆ?

ಸೋಮವಾರ ಸಾಹುಕಾರರು, "ನಮ್ಮಲ್ಲಿ ಒಬ್ಬರಾದ್ರೂ ಆ ಭಾಷೆ ಕಲೀಬೇಕು" ಎಂದರು. ನಾನು ಗಂಟಲು ಸರಿಮಾಡಿಕೊಂಡೆ. ಅವರು ನನ್ನ ತಲೆಯ ಮೇಲಿಂದ ಬಿ.ಎ. ಹುಡುಗಿಯನ್ನು ನೋಡಿದರು. "ನೀನು ಕಲಿ. ಡಿಗ್ರಿ ಆಗಿದೆ, ಬೇಗ ಹತ್ತುತ್ತೆ."

ಮಲ್ಲೇಶ್ವರದಲ್ಲಿ ಅವಳ ಮನೆ ಹತ್ತಿರವೇ ಒಂದು ಸಂಜೆ ಕ್ಲಾಸು ಸಿಕ್ಕಿತು. ಐದು ಗಂಟೆ ಹೊಡೆದ ಕೂಡಲೇ ಕೈಚೀಲ ಹೆಗಲಿಗೇರಿಸಿ ಮೆಟ್ಟಿಲು ಇಳಿಯುತ್ತಿದ್ದಳು. ನಾನು ಕೆಳಗೆ ಕಡ್ಡಿ ಎಣಿಸುತ್ತ ನಿಂತವಳು ಅವಳ ಚಪ್ಪಲಿ ಸದ್ದು ಕೇಳಿದರೆ ಲೆಕ್ಕ ತಪ್ಪುತ್ತಿದ್ದೆ.

ಒಂದು ವಾರವಾದ ಮೇಲೆ ಸಾಹುಕಾರರು ಕೇಳಿದರು, "ಏನಮ್ಮಾ, ಡಿಕ್ರೆಟೊ ಬಂತಾ?"

"ಇಲ್ಲ ಸಾರ್. ಒಂದನೇ ಪಾಠದಲ್ಲಿ ಬೆಕ್ಕು ಇದೆ. ಹಾಲು ಕುಡೀತಿದೆ."

ಇನ್ನೊಂದು ವಾರ ಕಳೆಯಿತು. "ಈಗ?"

"ಬೆಕ್ಕು ಕಿಟಕಿ ಪಕ್ಕ ಕೂತಿದೆ ಸಾರ್."

ಲೇಬಲ್ ಕೊಡಲು ಹೋಗಿದ್ದ ನನಗೆ ತಡೆಯಲಾಗಲಿಲ್ಲ. "ನೋಡಿ, ಅಲ್ಲೂ ಬಂದಿಳಿದ ಬೆಕ್ಕಿಗೇ ಕಿಟಕಿ ಪಕ್ಕ ಜಾಗ" ಎಂದೆ. ಸಾಹುಕಾರರಿಗೆ ಅರ್ಥವಾಗಲಿಲ್ಲ. ಅವಳಿಗೆ ಆಯಿತು.

ಒಗ್ಗರಣೆಗೆ ಮಂಜೂರಾತಿ

ಬೆಕ್ಕನ್ನು ನಂಬಿ ಕೂರುವವಳು ನಾನಲ್ಲ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ರಟ್ಟು ಕಿತ್ತುಹೋದ ಒಂದು ಸ್ಪ್ಯಾನಿಷ್-ಇಂಗ್ಲಿಷ್ ಡಿಕ್ಷನರಿ ಹುಡುಕಿ ತಂದೆ. ಪದ ಸಿಕ್ಕಿತು. ಸರ್ಕಾರ ಅಧಿಕೃತವಾಗಿ ಹೊರಡಿಸುವ ಅಪ್ಪಣೆ ಎಂದಿತ್ತು. ಸರ್ಕಾರ ಎಂದ ಮೇಲೆ ನಮ್ಮ ಮನೆಯಲ್ಲೇ ಒಬ್ಬರು ಪಂಡಿತರಿದ್ದಾರಲ್ಲ. ನಮ್ಮ ಯಜಮಾನರು ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ಗುಮಾಸ್ತರು. ಮದುವೆಯಾಗಿ ಆರು ವರ್ಷದಲ್ಲಿ ನನ್ನ ಒಂದು ಮಾತಿಗೆ ಅವರು ಪೇಪರ್ ಕೆಳಗಿಟ್ಟಿದ್ದು ಅವತ್ತೇ.

"ಆದೇಶ ಅಂತ ಕಣೇ! ಎಲ್ಲಕ್ಕೂ ಸೇರಿ ಅವರಲ್ಲಿ ಒಂದೇ ಪದಾನಾ? ಪಾಪ. ನಮ್ಮಲ್ಲಿ ನೋಡು, ಆದೇಶ, ಸುತ್ತೋಲೆ, ಜ್ಞಾಪನ, ಅಧಿಸೂಚನೆ..."

"ಅವಕ್ಕೆಲ್ಲ ಏನ್ರೀ ವ್ಯತ್ಯಾಸ?"

"ಆದೇಶ ಅಂದ್ರೆ ಮೇಲಿನವರು ಹೊರಡಿಸೋದು. ಸುತ್ತೋಲೆ ಅಂದ್ರೆ ಓದಿದೀವಿ ಅಂತ ನಾವೆಲ್ಲ ಸಹಿ ಹಾಕೋದು. ಸಹಿ ಹಾಕಿದೀರಿ, ಓದಿಲ್ಲ ಅಂತ ಆಮೇಲೆ ಬರುತ್ತಲ್ಲ, ಅದು ಜ್ಞಾಪನ."

ನನಗೆ ಖುಷಿಯಾಯಿತು. ಗಂಡ ಹೆಂಡತಿ ಕೂತು ಒಂದು ಪದದ ಬಗ್ಗೆ ಮಾತಾಡುವುದೆಂದರೆ ಸಣ್ಣ ವಿಷಯವೇ? ಅಷ್ಟರಲ್ಲಿ ಅವರು, "ಏನೇ ಅನ್ನು, ಕೆಲಸ ಮುಗಿಸಿ ಕ್ಲಾಸಿಗೆ ಹೋಗಿ ಕಲೀತಾಳಲ್ಲ, ಆ ಹುಡುಗಿ ಬುದ್ಧಿವಂತೆ" ಎಂದರು.

ನಾನು ಎದ್ದು ಅಡುಗೆಮನೆಗೆ ಹೋದೆ. ಊಟಕ್ಕೆ ಕೂತವರು ಸಾರಿನ ಪಾತ್ರೆ ನೋಡಿ, "ಇದೇನೇ, ಒಗ್ಗರಣೇನೇ ಹಾಕಿಲ್ಲ?" ಎಂದರು.

"ಆದೇಶ ಬಂದಿಲ್ಲ" ಎಂದೆ.

ಮರುದಿನ ಸಾಹುಕಾರರಿಗೆ ಅರ್ಥ ಹೇಳಿದೆ. ಅವರು ಸಂತೋಷಪಟ್ಟರು. ಸಂತೋಷಪಟ್ಟು ಆ ಹುಡುಗಿಯ ಕಡೆ ತಿರುಗಿ, "ಇದು ಸರೀನಾ ಅಂತ ಕ್ಲಾಸಲ್ಲಿ ಕೇಳ್ಕೊಂಡು ಬಾಮ್ಮಾ" ಎಂದರು! ಅವಳು ಕೇಳಿಕೊಂಡು ಬಂದಳು. "ಸರಿಯಾಗಿದೆ ಸಾರ್. ಆದ್ರೆ ಅದು ದೆಕ್ರೇತೊ." ಅರ್ಥ ನನ್ನದು, ಶಹಬ್ಬಾಸ್‌ಗಿರಿ ಅವಳದು. ಮಗು ಹೆತ್ತವಳು ನಾನು, ನಾಮಕರಣದ ಸೀರೆ ಅವಳಿಗೆ.

ಮನೆಯಲ್ಲಿ ಜಾರಿಗೆ ಬಂದದ್ದು

ಉಚ್ಚಾರದಲ್ಲಾದರೂ ಅವಳನ್ನು ಹಿಂದೆ ಹಾಕಬೇಕೆಂದು ಮನೆಯಲ್ಲಿ ಪಾತ್ರೆ ಬೆಳಗುತ್ತ, "ದೆಕ್ರೇತೊ, ದೆಕ್ರೇತೊ" ಎನ್ನುತ್ತಿದ್ದೆ. ಅತ್ತೆ ಎರಡು ದಿನ ಕೇಳಿಸಿಕೊಂಡರು. ಮೂರನೇ ದಿನ, "ಅದೇನೇ ಅದು, ನನ್ನ ಬೈತಿದೀಯಾ?" ಎಂದರು.

"ಅಯ್ಯೋ ಇಲ್ಲ ಅತ್ತೆ. ದೊಡ್ಡವರು ಮಾಡೋ ಅಪ್ಪಣೆಗೆ ಆ ದೇಶದಲ್ಲಿ ಹಾಗಂತಾರೆ. ಅದು ಹೊರಟಮೇಲೆ ಯಾರೂ ಎದುರಾಡೋ ಹಾಗಿಲ್ಲ."

ನನ್ನ ಬುದ್ಧಿಗೆ ನಾನೇ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕು. ಯಾರ ಕೈಗೆ ಎಂಥ ಆಯುಧ ಕೊಟ್ಟೆ ನೋಡಿ. ಮರುದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಅತ್ತೆ, "ಇವತ್ತಿನ ದೆಕ್ರೇತೊ ಕೇಳ್ಕೋ. ಬದನೆಕಾಯಿ ತರಕೂಡದು. ಹುಣಸೆಹಣ್ಣು ಬಿಡಿಸಿಡಬೇಕು" ಎಂದರು. ಅದಕ್ಕಿಂತ ಉರಿದದ್ದೆಂದರೆ ಅವರ ಉಚ್ಚಾರ ನನಗಿಂತ ಚೆನ್ನಾಗಿತ್ತು. ಬಿ.ಎ. ಹುಡುಗಿಗಿಂತಲೂ. ದಿನವೂ ಸ್ತೋತ್ರ ಹೇಳಿದ ನಾಲಿಗೆ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆಯುತ್ತಿತ್ತು.

ಇದೇ ಸಮಯವೆಂದು ನಾನೂ ಒಂದು ಅರ್ಜಿ ಹಾಕಿದೆ. "ಅತ್ತೆ, ಸಂಜೆ ಒಂದು ಆಟೋ ಮಾಡ್ಕೊಂಡು ಹೋಗಿ ಮಗೂನ ಕರ್ಕೊಂಡ್ ಬಂದ್ಬಿಡಿ. ಒಬ್ಬಳೇ ಕಾಯ್ತಾ ಕೂತಿರ್ತಾಳೆ."

ಅತ್ತೆ ಮಂಡಿ ನೀವಿಕೊಂಡರು. "ಐದಕ್ಕೆ ನಂಗೆ ಪುರಾಣ ಇದೆ. ಅದು ಹಿಂದಿನ ದೆಕ್ರೇತೊ. ಬದಲಾಯಿಸೋಕೆ ಬರೋಲ್ಲ" ಎಂದರು. ಸರ್ಕಾರ ನಡೆಸುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಆ ವಾರವೇ ಪಕ್ಕದ ಮನೆಯವರು ಹೂವು ಕೊಡಲು ಬಂದು, "ನಿಮ್ಮ ಸೊಸೆ ಏನೋ ಫಾರಿನ್ ಭಾಷೆ ಕಲೀತಿದಾಳಂತೆ, ಹೌದೇನ್ರೀ?" ಎಂದರು. ಒಳಗೆ ಹಿಟ್ಟು ಕಲೆಸುತ್ತಿದ್ದ ನಾನು ಕಿವಿ ನೆಟ್ಟಗೆ ಮಾಡಿದೆ. ಅತ್ತೆ ಎಂದೂ ನನ್ನನ್ನು ಹೊರಗಿನವರ ಮುಂದೆ ಹೊಗಳಿದವರಲ್ಲ. ಇವತ್ತಾದರೂ ಹೊಗಳಿಯಾರು.

"ಅವಳೆಲ್ಲಿ ಕಲೀತಾಳೆ?" ಎಂದರು ಅತ್ತೆ. "ಮಾತಾಡೋದು ನಾನು. ಅವಳದ್ದು ಪಾಲಿಸೋದಷ್ಟೇ."

ಪುಳಿಯೋಗರೆಯಲ್ಲಿ ಒಂದು ಪುಟ

ಡಿಕ್ಷನರಿಯನ್ನು ನಾನು ಪ್ಯಾಕಿಂಗ್ ಹಾಲ್‌ನಲ್ಲಿ, ಎಲ್ಲರೂ ಊಟದ ಡಬ್ಬಿ ಇಡುವ ಕಪಾಟಿನಲ್ಲಿ ಇಡುತ್ತಿದ್ದೆ. ಒಂದು ಬೆಳಿಗ್ಗೆ ತೆರೆದರೆ ಒಳಗೆ ಬಾಡಿದ ಸಂಪಿಗೆಯ ಎಸಳು. ನಾವು ಹದಿನಾಲ್ಕು ಜನ ಮುಡಿಯುವುದು ಮಾರ್ಕೆಟ್ಟಿನ ಮಲ್ಲಿಗೆ, ಕನಕಾಂಬರ. ಸಂಪಿಗೆ ಮುಡಿಯುವವಳು ಇಡೀ ಕಟ್ಟಡದಲ್ಲಿ ಒಬ್ಬಳೇ. ಅಂದರೆ ಕ್ಲಾಸಿಗೂ ಹೋಗಿ, ನನ್ನ ಪುಸ್ತಕವನ್ನೂ ಓದುತ್ತಿದ್ದಾಳೆ!

ನಾನು ಜಗಳಕ್ಕೆ ಹೋಗಲಿಲ್ಲ. 'ಡಿ' ಅಕ್ಷರದ ಪುಟಗಳನ್ನೆಲ್ಲ ನಾಜೂಕಾಗಿ ಹರಿದು, ಮಡಚಿ, ಯಾರಿಗೂ ಸಿಗದಿರಲಿ ಎಂದು ಊಟದ ಡಬ್ಬಿಯ ಚೀಲದೊಳಗೆ ಇಟ್ಟೆ. ಸ್ವಂತ ಪುಸ್ತಕವನ್ನು ತಾನೇ ಹರಿಯುವಾಗ ಸ್ವಲ್ಪ ನೋವಾಗುತ್ತದೆ. ಆದರೆ ಇನ್ನೊಬ್ಬರಿಗೆ ಸಿಗುವುದಿಲ್ಲ ಎಂಬ ಸಮಾಧಾನವೂ ಇರುತ್ತದೆ.

ಮಧ್ಯಾಹ್ನ ಅವಳೇ ಕೆಳಗೆ ಬಂದಳು. "ಅಕ್ಕಾ, ನಿಮ್ಮ ಡಿಕ್ಷನರೀಲಿ 'ಡಿ'ನೇ ಇಲ್ಲ."

"ಹೌದಾ? ಫುಟ್‌ಪಾತಿನ ಪುಸ್ತಕ ಅಲ್ವೇನಮ್ಮಾ, ಹಾಗೇ."

"ನಿನ್ನೆ ಇತ್ತು."

ನಿನ್ನೆ ಇದ್ದದ್ದು ನಿನಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಇವತ್ತು ಎಲ್ಲಿ ಹೋಯಿತು ಎಂದು ಅವಳು ಕೇಳಲಿಲ್ಲ. ಇಬ್ಬರೂ ಮರ್ಯಾದಸ್ಥರು. ಅಷ್ಟರಲ್ಲಿ ಊಟದ ಬೆಲ್ಲು ಹೊಡೆಯಿತು. ನಾನು ಮರೆತು ಚೀಲ ಬಿಚ್ಚಿದೆ. ಡಬ್ಬಿಯ ಮುಚ್ಚಳ ಸಡಿಲವಾಗಿ ಪುಳಿಯೋಗರೆಯ ಎಣ್ಣೆ ಚೀಲದ ತುಂಬ ಹರಿದಿತ್ತು. 'ಡಿ' ಪುಟಗಳು ಗಾಜಿನ ಹಾಗೆ ಪಾರದರ್ಶಕವಾಗಿದ್ದವು. ದೆಕ್ರೇತೊದ ಮೇಲೆ ಒಂದು ಕಡಲೆಕಾಯಿ ಬೀಜ, ಒಂದು ಕರಿಬೇವಿನ ಎಲೆ.

ಅವಳು ಒಂದು ಪುಟ ಎತ್ತಿ ಬೆಳಕಿಗೆ ಹಿಡಿದಳು. "ಆ ಪಕ್ಕದ್ದು ಈ ಪಕ್ಕದ್ದು ಎಲ್ಲಾ ಒಂದೇ ಆಗ್ಬಿಟ್ಟಿದೆ ಅಕ್ಕಾ." ಬೆರಳಿಗೆ ಅಂಟಿದ ಗೊಜ್ಜನ್ನು ನೆಕ್ಕಿದಳು. ಕಣ್ಣರಳಿಸಿದಳು. "ಗೊಜ್ಜು ಮಾತ್ರ ಏನ್ ಚೆನ್ನಾಗಿದೆ! ನಿಮ್ಮ ಅತ್ತೆ ಮಾಡಿದ್ದಾ?"

"ಇಲ್ಲ, ನಾನೇ" ಎಂದೆ. ಮಾಡಿದವರು ಅತ್ತೆಯೇ. ಆದರೆ ಹೊಗಳಿಕೆ ಅಷ್ಟು ಹತ್ತಿರ ಬಂದು ನಿಂತಾಗ ಸರಿಯಾದ ವಿಳಾಸಕ್ಕೆ ಕಳಿಸುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಈ ಮೂಲಕ ಅನುಮತಿಸಲಾಗಿದೆ

ಕೊನೆಗೂ ಮೂಲ ಪ್ರತಿ ಅಂಚೆಯಲ್ಲಿ ಬಂತು. ಎರಡು ಪುಟ. ಸಾಹುಕಾರರು ಅದನ್ನು ದೀಪದಿಂದ ಹತ್ತು ಅಡಿ ದೂರವಿಟ್ಟು ಕೈಮುಗಿದರು. ಅವಳ ಕ್ಲಾಸಿನ ಪಾಠ, ನನ್ನ ಡಿಕ್ಷನರಿಯ ಉಳಿದ ಅಕ್ಷರ, ಎರಡನ್ನೂ ಸೇರಿಸಿ ನಾಲ್ಕು ದಿನ ಗುದ್ದಾಡಿ ಅರ್ಥ ಬಿಡಿಸಿದೆವು. ಡಬ್ಬಿಯ ಮೇಲೆ ಅವರ ಭಾಷೆಯಲ್ಲೇ ಬರೆಯಬೇಕು, ಮಕ್ಕಳಿಂದ ದೂರವಿಡಿ ಎನ್ನಬೇಕು, ತಿನ್ನಬಾರದು ಎನ್ನಬೇಕು. "ಊದುಬತ್ತಿ ತಿನ್ನೋರು ಯಾರಮ್ಮಾ?" ಎಂದು ಸಾಹುಕಾರರು ಹೌಹಾರಿದರು. ಹೊಸ ಲೇಬಲ್ ಹಚ್ಚಿ ಸರಕು ಹೊರಟಿತು.

ನಾನು ಮಾತ್ರ ಆ ಕಾಗದವನ್ನು ಬಿಡಲಿಲ್ಲ. ಇಡೀ ಆದೇಶವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಕಡ್ಡಿ ಎಣಿಸುತ್ತ ಬಾಯಿಪಾಠ ಮಾಡಿದೆ. 'ಕೇದಾ ಔತೊರಿಸಾದೊ' ಎಂದರೆ ಅನುಮತಿಸಲಾಗಿದೆ. 'ಕೇದಾ ಪ್ರೊಯಿಬೀದೊ' ಎಂದರೆ ನಿಷೇಧಿಸಲಾಗಿದೆ. ಕೊನೆಯ ಸಾಲು, ತಿಳಿಸತಕ್ಕದ್ದು, ಪ್ರಕಟಿಸತಕ್ಕದ್ದು, ಕಡತಕ್ಕೆ ಸೇರಿಸತಕ್ಕದ್ದು. ಅದನ್ನು ಕೇಳಿ ನಮ್ಮ ಯಜಮಾನರಿಗೆ ಕಣ್ಣಲ್ಲಿ ನೀರು ಬಂತು. "ನಮ್ಮೋರೇ ಕಣೇ" ಎಂದರು.

ಮೂರು ತಿಂಗಳ ಮೇಲೆ ಸುದ್ದಿ ಬಂತು. ಗಿರಾಕಿ ಕಂಪನಿಯ ಹೆಂಗಸೊಬ್ಬರು ನಮ್ಮ ಕೆಲಸ ನೋಡಲು ಬರುತ್ತಾರೆ. ಸಾಹುಕಾರರು ನಮ್ಮಿಬ್ಬರನ್ನೂ ಕರೆದು, "ಅವರ ಹತ್ರ ಯಾರು ಚೆನ್ನಾಗಿ ಮಾತಾಡ್ತೀರೋ ಆ ಮೇಜು ಅವರಿಗೇ ಖಾಯಂ" ಎಂದರು.

ನಾನು ಸೀಮಂತದ ಸೀರೆ ಉಟ್ಟುಕೊಂಡು ಹೋದೆ. ಅವಳು ಹೊಸ ಚೂಡಿದಾರ್. ಬಂದ ಹೆಂಗಸಿಗೆ ಐವತ್ತರ ಮೇಲಿರಬೇಕು. ದುಂಡಗೆ, ನಗುಮುಖ. ಹುಡುಗಿ ಮುಂದೆ ಹೋಗಿ ಸ್ವಾಗತ ಹೇಳಿದಳು, ಹೆಸರು ಹೇಳಿದಳು, ಆಮೇಲೆ ಬಾಯಿ ತೆರೆದುಕೊಂಡು ನಿಂತಳು. ನನಗೆ ಗೊತ್ತಾಯಿತು. ಇನ್ನು ಅವಳ ಹತ್ತಿರ ಉಳಿದಿರುವುದು ಬೆಕ್ಕು ಮಾತ್ರ.

ಆ ಹೆಂಗಸು ಕುರ್ಚಿ ತೋರಿಸಿ ಏನೋ ಕೇಳಿದರು. ಕೂರಲೇ ಎಂದಿರಬೇಕು. ನಾನು ಅವಳನ್ನು ಸರಿಸಿ ಮುಂದೆ ಬಂದು ಗಟ್ಟಿಯಾಗಿ ಹೇಳಿದೆ, "ಕೇದಾ ಔತೊರಿಸಾದೊ." ಅಂದರೆ, ಈ ಮೂಲಕ ಅನುಮತಿಸಲಾಗಿದೆ.

ಆಕೆ ನನ್ನನ್ನೇ ನೋಡುತ್ತ ನಿಧಾನವಾಗಿ ಕೂತರು. ಕಾಫಿ ಬಂತು. ಇನ್ನೊಂದು ಚಮಚ ಸಕ್ಕರೆ ಎಂದು ಸನ್ನೆ ಮಾಡಿದರು. ಅದನ್ನೂ ಅನುಮತಿಸಿದೆ. ಸಾಹುಕಾರರ ಮುಖ ಅರಳಿತು. ಎಷ್ಟು ಸರಾಗವಾಗಿ ಮಾತಾಡುತ್ತಾಳೆ!

ಕೆಳಗೆ ಹಾಲ್ ನೋಡಲು ಕರೆದುಕೊಂಡು ಹೋದೆವು. ಸುತ್ತ ಒಣ ಕಡ್ಡಿಯ ರಾಶಿ, ಕಾಗದದ ಡಬ್ಬಿ. ಆಕೆ ಮಾತಾಡುತ್ತ ಚೀಲದಿಂದ ಒಂದು ಸಿಗರೇಟು ತೆಗೆದರು. "ಕೇದಾ ಪ್ರೊಯಿಬೀದೊ!" ಎಂದು ಕಿರುಚಿದೆ. ಹದಿಮೂರು ಹೆಂಗಸರು ಕೈಲಿದ್ದ ಕಡ್ಡಿ ಬಿಟ್ಟರು. ಆಕೆ ಶಾಲೆಯ ಹುಡುಗಿಯ ಹಾಗೆ ಸಿಗರೇಟನ್ನು ಚೀಲಕ್ಕೆ ತುರುಕಿದರು.

"ಏನಂದ್ಯಮ್ಮಾ ಅವರಿಗೆ?" ಎಂದು ಸಾಹುಕಾರರು ಓಡಿಬಂದರು.

"ಅವರ ಸರ್ಕಾರ ಹೇಳಿದ್ದನ್ನೇ ಅಂದೆ ಸಾರ್."

ಹೊರಡುವಾಗ ಆಕೆ ನನ್ನ ಎರಡೂ ಕೈ ಹಿಡಿದು ಉದ್ದಕ್ಕೆ ಏನೇನೋ ಹೇಳಿ, ಫಟ್ಟನೆ ಅಪ್ಪಿಕೊಂಡು ಕೆನ್ನೆಗೆ ಮುತ್ತು ಕೊಟ್ಟುಬಿಟ್ಟರು. ಚಾಮರಾಜಪೇಟೆಯಲ್ಲಿ, ಎಲ್ಲರ ಎದುರಿಗೆ! ನನ್ನ ಹೆತ್ತ ತಾಯಿಯೂ ಹಾಗೆ ಮಾಡಿದ್ದಿಲ್ಲ. ಮುಖ ಕೆಂಪಾಯಿತು, ಕಲಿತದ್ದೆಲ್ಲ ಮರೆತುಹೋಯಿತು. ಉತ್ತರವಾಗಿ ಏನಾದರೂ ಹೇಳಬೇಕಲ್ಲ? ಆದೇಶದ ಕಟ್ಟಕಡೆಯ ಪದ ಒಂದೇ ನಾಲಿಗೆಗೆ ಬಂತು.

"ಆರ್ಚೀವೆಸೆ" ಎಂದೆ. ಕಡತಕ್ಕೆ ಸೇರಿಸತಕ್ಕದ್ದು.

ಆಕೆ ಡಬ್ಬಿಗಳ ಪೆಟ್ಟಿಗೆ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಳ್ಳುತ್ತ ನಕ್ಕರು. ಸಾಹುಕಾರರಿಗೆ ಇಂಗ್ಲಿಷಿನಲ್ಲಿ, "ಇವರನ್ನು ನಮ್ಮ ದೇಶಕ್ಕೆ ಕಳಿಸಿಕೊಡಿ. ನಮ್ಮ ಮಂತ್ರಿಗಳೇ ಎದ್ದು ನಿಂತುಕೊಳ್ಳುತ್ತಾರೆ" ಎಂದರು.

ಮೇಜು ನನಗೆ ಸಿಕ್ಕಿತು. ಹುಡುಗಿಯನ್ನು ಹಿಂದಿನ ಮೇಜಿಗೆ ಹಾಕಿದರು. "ಕಂಗ್ರಾಜುಲೇಷನ್ಸ್ ಅಕ್ಕಾ" ಎಂದು ಬಾಯ್ತುಂಬ ನಕ್ಕಳು. ಸೋತಾಗಲೂ ಹಾಗೆ ನಗಲು ಬರುತ್ತದಲ್ಲ ಎಂದು ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಸೋಮವಾರ ಕೈ ಇರುವ ಕುರ್ಚಿಯಲ್ಲಿ ಕೂತೆ. ಪುಟ್ಟ ಫ್ಯಾನು ಹಾಕಿದೆ. ಐದು ಗಂಟೆಗೆ ಚೀಲ ಹೆಗಲಿಗೇರಿಸಿ ಎದ್ದೆ.

"ಎಲ್ಲಿಗಮ್ಮಾ?" ಎಂದರು ಸಾಹುಕಾರರು.

"ಐದಾಯ್ತಲ್ಲ ಸಾರ್."

"ಅಯ್ಯೋ, ಆ ದೇಶದಲ್ಲಿ ಬೆಳಗಾಗೋದೇ ನಮ್ಮ ಸಂಜೆ ಹೊತ್ತಿಗೆ. ಫೋನು, ಫ್ಯಾಕ್ಸು ಎಲ್ಲ ಬರೋದು ಆರೂವರೆ ಮೇಲೆ. ಎಂಟರ ತನಕ ಇರ್ಬೇಕಮ್ಮಾ. ಇಷ್ಟು ದಿನ ನಾನೇ ಕೂತಿರ್ತಿದ್ದೆ."

"ಮತ್ತೆ ಅವಳು ದಿನಾ ಐದಕ್ಕೇ ಹೋಗ್ತಿದ್ದಳಲ್ಲ ಸಾರ್?"

"ಅವಳಿಗೆ ಕ್ಲಾಸ್ ಇತ್ತಲ್ಲಮ್ಮಾ!"

ನಾನು ಮತ್ತೆ ಕೂತೆ. ಕೂತೆ ಎನ್ನುವುದಕ್ಕಿಂತ ಬಿದ್ದೆ. ಆರೂವರೆಗೇ ನನ್ನನ್ನು ಹಾಗೆ ನೋಡುವ ಮಗಳು ಎಂಟೂವರೆಗೆ ಹೇಗೆ ನೋಡುತ್ತಾಳೆ? ನಾನು ಬಾಯಿಪಾಠ ಮಾಡಿ, ಪುಸ್ತಕ ಹರಿದು, ಸೀಮಂತದ ಸೀರೆ ಉಟ್ಟು ಗೆದ್ದುಕೊಂಡದ್ದು ಇದನ್ನೇ? ಕೆಳಗೆ ಹಾಲ್‌ನಲ್ಲಿ ಕಡ್ಡಿ ಎಣಿಸುವವರು ಆರಕ್ಕೇ ಮನೆಗೆ ಹೋಗುತ್ತಾರೆ. ನನ್ನ ಜೀವನದಲ್ಲಿ ಮೊದಲ ಸಲ ನನ್ನ ಹಳೆಯ ಕೆಲಸದ ಮೇಲೆಯೇ ನನಗೆ ಹೊಟ್ಟೆಕಿಚ್ಚು ಬಂತು.

ಬಿ.ಎ. ಹುಡುಗಿ ಕೈಚೀಲ ಹಾಕಿಕೊಂಡು ಹೊರಟವಳು ನನ್ನ ಮೇಜಿನ ಹತ್ತಿರ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ಹಾಗೆ ಬಗ್ಗಿದಳು. "ಅಕ್ಕಾ, ನೀವೂ ಕ್ಲಾಸಿಗೆ ಸೇರ್ಕೊಳ್ಳಿ" ಎಂದು ಪಿಸುಗುಟ್ಟಿದಳು.

ನಾನು ಎದ್ದು ನಿಂತೆ. "ಸಾರ್, ನನಗೆ ಬರೋದು ಮೂರೇ ಸಾಲು. ಇನ್ನೊಂದ್ಸಲ ಯಾರಾದ್ರೂ ಬಂದ್ರೆ ಮರ್ಯಾದೆ ಹೋಗುತ್ತೆ. ನಾನೂ ಸರಿಯಾಗಿ ಕಲೀಬೇಕು ಅಂತಿದೀನಿ. ಕ್ಲಾಸು ಐದೂವರೆಗೆ."

ಸಾಹುಕಾರರಿಗೆ ಹೃದಯ ತುಂಬಿ ಬಂತು. "ಕಲೀರಮ್ಮಾ, ಇಬ್ಬರೂ ಕಲೀರಿ. ಫೋನು ನಾನು ನೋಡ್ಕೋತೀನಿ."

ಮೆಟ್ಟಿಲು ಇಳಿದು ರಸ್ತೆಗೆ ಬಂದೆವು. "ಒಳ್ಳೇದಾಯ್ತಮ್ಮಾ" ಎಂದೆ. "ಆದ್ರೆ ಮಲ್ಲೇಶ್ವರದ ತನಕ ಹೋಗಿ ಬರೋದು ಅಂದ್ರೆ ನನ್ನ ಮಗಳ ಗತಿ? ಅವಳನ್ನೂ ಕ್ಲಾಸಿಗೆ ಕರ್ಕೊಂಡು ಬಂದ್ರೆ ಮೇಷ್ಟ್ರು ಬೈತಾರಾ?"

"ಯಾವ ಮೇಷ್ಟ್ರು ಅಕ್ಕಾ?" ಅವಳು ಜಡೆಯ ಸಂಪಿಗೆ ಸರಿಮಾಡಿಕೊಂಡಳು. "ಕ್ಲಾಸ್ ಮುಚ್ಚಿ ಎರಡು ತಿಂಗಳಾಯ್ತು."

ಆಟೋ ಹಿಡಿದು ಐದೂ ಇಪ್ಪತ್ತೈದಕ್ಕೆ ನಾನು ಶಿಶುವಿಹಾರದ ಗೇಟಿನಲ್ಲಿದ್ದೆ. ಮಕ್ಕಳು ಇನ್ನೂ ಸಾಲಾಗಿ ಹೊರಬರುತ್ತಿದ್ದರು. ನನ್ನ ಮಗಳು ನನ್ನನ್ನು ಕಂಡು ಸಾಲು ಮುರಿದು ಓಡಿಬಂದಳು. ಆಯಾ ಬೀಗ ಕೈಲಿ ಹಿಡಿದುಕೊಂಡೇ ಬಾಯಿ ತೆರೆದು ನಿಂತಳು. "ಏನಮ್ಮಾ ಇದು, ಇವತ್ತು ಕೆಲಸಕ್ಕೆ ರಜಾನಾ?"

"ಇಲ್ಲಮ್ಮಾ" ಎಂದೆ. "ಸ್ಪ್ಯಾನಿಷ್ ಕ್ಲಾಸು."